ಸಮಗ್ರ ಪೋಷಕಾಂಶ ನಿರ್ವಹಣೆ

ಸಮಗ್ರ ಪೋಷಕಾಂಶ ನಿರ್ವಹಣೆ ಎಂದರೆ ಕೊಟ್ಟಿಗೆ ಗೊಬ್ಬರ, ಕಾಂಪೋಸ್ಟ್, ಹಸಿರೆಲೆ ಗೊಬ್ಬರ ಮೊದಲಾದ ಸಾವಯವ ಗೊಬ್ಬರಗಳನ್ನು ರಾಸಾಯನಿಕ ಗೊಬ್ಬರಗಳೊಡನೆ ಸೂಕ್ತ ಪ್ರಮಾಣದಲ್ಲಿ ಬಳಸಿ, ಮಣ್ಣಿನ ಫಲವತ್ತತೆ ಮತ್ತು ಬೆಳೆಯ ಇಳುವರಿ ಎರಡನ್ನೂ ಕಾಪಾಡುವ ಕೃಷಿ ಪದ್ಧತಿ. ಕರ್ನಾಟಕದಲ್ಲಿ ಇದರ ದೀರ್ಘಕಾಲಿಕ ಪ್ರಯೋಗಗಳು ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಗಾಂಧಿ ಕೃಷಿ ವಿಜ್ಞಾನ ಕೇಂದ್ರದಲ್ಲಿ (ಜಿಕೆವಿಕೆ) ನಡೆದಿವೆ.

ಹಿನ್ನೆಲೆ

ಕೆಂಗೇರಿ, ಮಾಗಡಿ ಸೇರಿದಂತೆ ಬೆಂಗಳೂರಿನ ಸುತ್ತಮುತ್ತ ಕೆಂಪುಮಣ್ಣು ಹೆಚ್ಚು. ಇಲ್ಲಿನ ಖುಷ್ಕಿ ಜಮೀನಿನ ಮುಖ್ಯ ಬೆಳೆ ರಾಗಿ. ಈ ಮಣ್ಣಿನಲ್ಲಿ ಸಾವಯವ ಇಂಗಾಲ ಕಡಿಮೆ. ನೀರನ್ನೂ ಪೋಷಕಾಂಶಗಳನ್ನೂ ಹಿಡಿದಿಡುವ ಶಕ್ತಿಯೂ ಕಡಿಮೆ.

ಕಾರ್ಯವಿಧಾನ

ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದ್ದು ಬೆಳೆಗೆ ಬೇಗ ದೊರೆಯುತ್ತದೆ. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ. 0.5 ಮಾತ್ರ, ಅದರಲ್ಲಿಯೂ ಒಂದು ಭಾಗವಷ್ಟೇ ಮೊದಲ ವರ್ಷ ಬೆಳೆಗೆ ಸಿಗುತ್ತದೆ. ಆದರೆ ಅದು ಮಣ್ಣಿನ ತೇವಾಂಶ ಧಾರಣಶಕ್ತಿಯನ್ನು ಹೆಚ್ಚಿಸಿ, ಸೂಕ್ಷ್ಮಜೀವಿಗಳಿಗೆ ಆಹಾರ ಒದಗಿಸಿ, ಸತು ಮೊದಲಾದ ಲಘು ಪೋಷಕಾಂಶಗಳನ್ನೂ ಪೂರೈಸುತ್ತದೆ. ಹೀಗೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಬೆಂಗಳೂರಿನ ಪ್ರಯೋಗಗಳು

ಜಿಕೆವಿಕೆಯಲ್ಲಿ 1978ರಲ್ಲಿ ಮಳೆಯಾಶ್ರಿತ ರಾಗಿಯ ಮೇಲೆ ಪ್ರಯೋಗ ಆರಂಭವಾಯಿತು. ಗೊಬ್ಬರವಿಲ್ಲದ ತಾಕು, ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ ಪಡೆದ ತಾಕು, ಶಿಫಾರಸಾದ ರಾಸಾಯನಿಕ ಗೊಬ್ಬರ ಮಾತ್ರ ಪಡೆದ ತಾಕು ಹಾಗೂ ಎರಡನ್ನೂ ಪಡೆದ ತಾಕುಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸಲಾಯಿತು. ರಾಸಾಯನಿಕ ಗೊಬ್ಬರವನ್ನೇ ನೆಚ್ಚಿದ ತಾಕಿನಲ್ಲಿ ಇಳುವರಿ ಕಾಲಕ್ರಮೇಣ ಕುಸಿಯಿತು. ಎರಡನ್ನೂ ಪೂರ್ಣ ಪ್ರಮಾಣದಲ್ಲಿ ಪಡೆದ ತಾಕು ಹೆಚ್ಚು ಹಾಗೂ ಸ್ಥಿರವಾದ ಇಳುವರಿ ನೀಡಿತು.

1986ರಲ್ಲಿ ಆರಂಭವಾದ ರಾಗಿ–ಮೆಕ್ಕೆಜೋಳ ಸರದಿಯ ಪ್ರಯೋಗದಲ್ಲಿ, ಸಾರಜನಕವನ್ನಷ್ಟೇ ಪಡೆದ ಮಣ್ಣಿನ ಆಮ್ಲೀಯತೆ ಹೆಚ್ಚಿ ಇಳುವರಿ ತೀವ್ರವಾಗಿ ತಗ್ಗಿತು.

ಅನುಸರಣೆ

ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬಿತ್ತನೆಗೆ ಎರಡು–ಮೂರು ವಾರ ಮುಂಚೆ ಮಣ್ಣಿಗೆ ಸೇರಿಸಲಾಗುತ್ತದೆ. ರಂಜಕ ಮತ್ತು ಪೊಟ್ಯಾಷನ್ನು ಬಿತ್ತನೆಯ ವೇಳೆ ಪೂರ್ಣವಾಗಿಯೂ, ಸಾರಜನಕವನ್ನು ಎರಡು ಕಂತುಗಳಲ್ಲಿಯೂ ಕೊಡುವುದು ರೂಢಿ. ಮಣ್ಣು ಪರೀಕ್ಷೆಯ ಆಧಾರದ ಮೇಲೆ ಪ್ರಮಾಣವನ್ನು ನಿರ್ಧರಿಸಬೇಕು.

ಮಿತಿಗಳು

ಹೆಕ್ಟೇರಿಗೆ 10 ಟನ್ ಎಂದರೆ ಎಕರೆಗೆ ಸುಮಾರು 4 ಟನ್. ದನಕರುಗಳು ಕಡಿಮೆಯಿರುವ ಸಣ್ಣ ರೈತರಿಗೆ ಇಷ್ಟು ಗೊಬ್ಬರ ಒದಗಿಸಿಕೊಳ್ಳುವುದು ಕಷ್ಟ. ಬದುಗಳಲ್ಲಿ ಬೆಳೆಸಿದ ಹೊಂಗೆ, ಗ್ಲಿರಿಸಿಡಿಯ ಗಿಡಗಳ ಸೊಪ್ಪು ಹಾಗೂ ಹೂ ಬಿಡುವ ಹಂತದಲ್ಲಿ ಉಳುಮೆ ಮಾಡಿ ಮಣ್ಣಿಗೆ ಸೇರಿಸುವ ಅಪ್ಪಸೆಣಬು ಈ ಕೊರತೆಯನ್ನು ಭಾಗಶಃ ನೀಗಿಸುತ್ತವೆ.