ದೊರೆಗಳ ರುಜು ಹುಡುಕಿದವರು

ಹದಿನಾಲ್ಕನೇ ಶತಮಾನದ ಅರಸನೊಬ್ಬ ಎರಡು ಮತದವರ ಜಗಳವನ್ನು ಹೇಗೆ ತೀರಿಸಿದ ಎಂಬುದಕ್ಕೆ ನಮ್ಮಲ್ಲಿರುವ ಅತ್ಯುತ್ತಮ ದಾಖಲೆ ನಮ್ಮ ಕುದೂರು ಇರುವ ಮಾಗಡಿ ತಾಲ್ಲೂಕಿನದೇ. ಕಲ್ಯದಲ್ಲಿ ಸಿಕ್ಕಿದ ಆ ಶಾಸನ ವಿಜಯನಗರದ ಬುಕ್ಕರಾಯನ ಕಾಲದ್ದು. ಶಕ 1290, ಕೀಲಕ ಸಂವತ್ಸರ, ಅಂದರೆ ಕ್ರಿ.ಶ. 1368. ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ'ದ ಒಂಬತ್ತನೇ ಸಂಪುಟದಲ್ಲಿ ಅದು ಮಾಗಡಿ 18ನೇ ಶಾಸನ. ಅದರದೇ ಇನ್ನೊಂದು ಪ್ರತಿ ಶ್ರವಣಬೆಳಗೊಳದಲ್ಲಿದೆ.

ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ (ಇದೇ ನಮ್ಮ ಕಲ್ಯ) ಮುಂತಾದ ಕಡೆಯ ಜೈನರು, ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ದೊರೆಗೆ ದೂರು ಕೊಟ್ಟರು. ಬುಕ್ಕರಾಯ ಎರಡೂ ಕಡೆಯವರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿ, ಎರಡು ದರ್ಶನಗಳ ನಡುವೆ ಭೇದವಿಲ್ಲವೆಂದು ತೀರ್ಪಿತ್ತ. ಪಂಚಮಹಾವಾದ್ಯ, ಕಲಶಗಳ ಹಕ್ಕು ಜೈನರಿಗೆ ಹಿಂದಿನಂತೆಯೇ ಉಳಿಯಿತು. ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಬೇಕು, ಮಿಕ್ಕ ಹಣದಲ್ಲಿ ಪಾಳುಬಿದ್ದ ಬಸದಿಗಳಿಗೆ ಸುಣ್ಣ ಬಳಿಸಬೇಕು. ಈ ಕೆಲಸದ ಹೊಣೆ ತಿರುಮಲೆಯ ತಾತಯ್ಯನದು. ರಾಜ್ಯದ ಎಲ್ಲ ಬಸದಿಗಳಲ್ಲೂ ಈ ಶಾಸನವನ್ನು ಶ್ರೀವೈಷ್ಣವರೇ ನೆಡಿಸಬೇಕೆಂಬ ಮಾತೂ ಅದರಲ್ಲಿದೆ. ಮುಂದೆ ಕಲ್ಲೆಹದ ಬುಸುವಿಸೆಟ್ಟಿ ಎಂಬ ವರ್ತಕ ದೊರೆಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆತಂದು ಕಟ್ಟಳೆಯನ್ನು ಗಟ್ಟಿಮಾಡಿಸಿದ ವಿಷಯವನ್ನು ಬೆಳಗೊಳದ ಕಲ್ಲು ಹೇಳುತ್ತದೆ. ರಾಜಪತ್ರವನ್ನು ಹುಡುಕಿ, ಕಾಪಾಡಿ, ಪ್ರತಿ ಉಳಿಸಿದವರ ಪಟ್ಟಿ ಮಾಡುವುದಾದರೆ ನಾನು ಮೊದಲ ಹೆಸರು ಬರೆಯುವುದು ಮಾಗಡಿ ಸೀಮೆಯ ಈ ಸೆಟ್ಟಿಯದು.

ಹಳೆಯ ದೊರೆಗಳ ರುಜುವಿರುವ ಪತ್ರಗಳನ್ನು ಕೂಡಿಹಾಕುವುದು ಇವತ್ತು ಲೋಕದ ಎಲ್ಲೆಡೆ ದುಬಾರಿ ಹವ್ಯಾಸ. ನಮ್ಮಲ್ಲಿ ಅದು ಹವ್ಯಾಸವಾಗುವ ಮೊದಲು ಬದುಕಿನ ಅಗತ್ಯವಾಗಿತ್ತು. ಕೊಡಗೆಯ ಹೊಲ, ದೇವಸ್ಥಾನದ ಮಾನ್ಯ, ಮಠದ ಉಂಬಳಿ, ಕೆರೆ ಕಟ್ಟಿಸಿದವನ ಕಟ್ಟುಕೊಡಗೆ, ಇವೆಲ್ಲ ನಿಂತಿದ್ದುದು ಒಂದು ತಾಮ್ರದ ತಗಡಿನ ಮೇಲೆ ಅಥವಾ ಮಡಿಸಿಟ್ಟ ಸನ್ನದಿನ, ಅಂದರೆ ದೊರೆಯ ದಾನಪತ್ರದ ಮೇಲೆ. ದೊರೆ ಬದಲಾದಾಗ ಹಳೆಯ ಸನ್ನದು ತೋರಿಸಿ ಹೊಸದನ್ನು ಪಡೆಯುವುದು ವಾಡಿಕೆ. ಮಾಗಡಿ ಸೀಮೆ ಎಷ್ಟು ಕೈ ಬದಲಾಯಿತೆಂದು ನೆನೆದರೆ ಆ ಕಾಗದಗಳ ಬೆಲೆ ತಿಳಿಯುತ್ತದೆ. 1638ರ ಹೊತ್ತಿಗೆ ಬೆಂಗಳೂರನ್ನು ಬಿಜಾಪುರದ ರಣದುಲ್ಲಾ ಖಾನನಿಗೆ ಬಿಟ್ಟುಕೊಟ್ಟು ಕೆಂಪೇಗೌಡರ ಮನೆತನ ಮಾಗಡಿಯಲ್ಲಿ ನೆಲೆ ನಿಂತಿತು. ಕುದೂರಿನ ಬಳಿಯ ಭೈರವನದುರ್ಗ, ಹುತ್ರಿದುರ್ಗ, ಸಾವನದುರ್ಗಗಳು ಅವರ ಬಲದ ಕೋಟೆಗಳು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಮಾಗಡಿಯನ್ನೂ ಸಾವನದುರ್ಗವನ್ನೂ ಹಿಡಿದ. ಕಡೆಯ ಗೌಡಪ್ರಭು ಶ್ರೀರಂಗಪಟ್ಟಣದ ಸೆರೆಯಲ್ಲೇ ತೀರಿಕೊಂಡ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗ, ಹುತ್ರಿದುರ್ಗಗಳನ್ನು ಬೆನ್ನುಬೆನ್ನಿಗೇ ಹತ್ತಿತು. ಇಷ್ಟು ಏಳುಬೀಳಿನ ನಡುವೆ ಒಬ್ಬ ಅರ್ಚಕನೋ ಶಾನುಭೋಗನೋ ಕಾಗದದ ಕಂತೆಯನ್ನು ಅಟ್ಟದ ಮೇಲೆ ಜೋಪಾನ ಮಾಡಿದ್ದರೆ, ಅದು ಕುಟುಂಬದ ಅನ್ನವನ್ನು ಜೋಪಾನ ಮಾಡಿದಂತೆಯೇ.

ದೊರೆಗಳು ರುಜು ಹಾಕುತ್ತಿದ್ದ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಅರಸರಲ್ಲಿ ಬಹುಮಂದಿ ತಮ್ಮ ಹೆಸರು ಬರೆಯುತ್ತಿರಲಿಲ್ಲ. ಹೊಯ್ಸಳರ ಪತ್ರಗಳ ಕೊನೆಗೆ 'ಮಲಪರೊಳ್ ಗಂಡ' ಎಂಬ ಬಿರುದೇ ಒಪ್ಪ. ವಿಜಯನಗರದ ತಾಮ್ರಶಾಸನಗಳ ಒಕ್ಕಣೆ ಬಹುಪಾಲು ಸಂಸ್ಕೃತದಲ್ಲಿ, ನಂದಿನಾಗರಿ ಲಿಪಿಯಲ್ಲಿ ಇರುತ್ತದೆ. ಕೊನೆಯ ಸಾಲಿನಲ್ಲಿ ಮಾತ್ರ ದಪ್ಪ ಕನ್ನಡ ಅಕ್ಷರಗಳಲ್ಲಿ 'ಶ್ರೀ ವಿರೂಪಾಕ್ಷ' ಎಂದಿರುತ್ತದೆ. ತಿರುಪತಿಯ ಭಕ್ತನಾದ ಕೃಷ್ಣದೇವರಾಯನ ಶಾಸನಗಳಲ್ಲೂ ಅದೇ ಅಂಕಿತ. ಅರವೀಡು ಮನೆತನದವರ ಕಾಲಕ್ಕೆ ಆ ಜಾಗಕ್ಕೆ 'ಶ್ರೀ ವೆಂಕಟೇಶ' ಬಂತು. ಕೆಳದಿಯ ನಾಯಕರದು 'ಶ್ರೀ ಸದಾಶಿವ', ಮುಮ್ಮಡಿ ಕೃಷ್ಣರಾಜ ಒಡೆಯರದು 'ಶ್ರೀಕೃಷ್ಣ'. ಟಿಪ್ಪು ಸುಲ್ತಾನ್ 'ನಬಿ ಮಾಲಿಕ್' ಎಂದು ಬರೆಯುತ್ತಿದ್ದ. ಓದುಬರಹ ಬಾರದ ಹೈದರಾಲಿ ತನ್ನ ಹೆಸರಿನ ಮೊದಲಕ್ಷರವನ್ನು ತಿರುವುಮುರುವಾಗಿ ಗೀಚುತ್ತಿದ್ದನೆಂದು ಚರಿತ್ರಕಾರ ವಿಲ್ಕ್ಸ್ ದಾಖಲಿಸಿದ್ದಾನೆ. ಹೀಗೆ ಬಹುಪಾಲು ಆಜ್ಞೆಗಳು ಹೊರಡುತ್ತಿದ್ದುದು ದೇವರ ಹೆಸರಿನಲ್ಲಿ. ರುಜುವಿನಿಂದಷ್ಟೇ ಇದು ಇಂಥ ಅರಸನದೆಂದು ಹೇಳಲಾಗುವುದಿಲ್ಲ. ವಿರೂಪಾಕ್ಷನ ಅಂಕಿತ ಹಲವು ಅರಸರಿಗೆ ಒಂದೇ. ಸಂವತ್ಸರ, ತಿಥಿ, ದಾನದ ಊರು, ನಾಲ್ಕು ಎಲ್ಲೆ, ಸಾಕ್ಷಿಗಳ ಹೆಸರು, ತಗಡುಗಳನ್ನು ಪೋಣಿಸಿದ ಬಳೆ, ಬಳೆಯ ಮೇಲಿನ ವರಾಹ ಮುದ್ರೆ, ಎಲ್ಲ ಸೇರಿದಾಗಲೇ ಪತ್ರ ಮಾತಾಡುತ್ತದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮಲ್ಲಿ ನಡೆದ ಸಂಗ್ರಹಗಳಲ್ಲಿ ಬಾಳಿಕೆ ಬಂದವು ಪತ್ರವನ್ನು ಅದರ ಊರಿನೊಡನೆ ಇಟ್ಟುಕೊಂಡವು. ರುಜುವನ್ನಷ್ಟೇ ಕತ್ತರಿಸಿಕೊಂಡವು ಪೆಟ್ಟಿಗೆಯ ಅಲಂಕಾರವಾಗಿ ಉಳಿದವು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಎರಡು ಬಗೆಯೂ ಒಟ್ಟಿಗೆ ಶುರುವಾದವು. ಟಿಪ್ಪುವಿನ ಗ್ರಂಥಭಂಡಾರ ಈಸ್ಟ್ ಇಂಡಿಯಾ ಕಂಪನಿಯವರ ಕೈಸೇರಿತು. ಅದರ ಸೂಚಿಯನ್ನು ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಅಚ್ಚುಹಾಕಿಸಿದ. ಸುಲ್ತಾನನ ಪತ್ರಗಳನ್ನು ಆಯ್ದು ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಇಂಗ್ಲಿಷಿಗೆ ತಂದ. ಟಿಪ್ಪು ತನ್ನ ಕೈಯಾರೆ ಬರೆದಿಟ್ಟ ಕನಸಿನ ಪುಸ್ತಕ ಲಂಡನ್ನಿಗೆ ಹೋಗಿ, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಇವು ಗೆದ್ದವರು ಕೊಂಡೊಯ್ದ ವಸ್ತುಗಳು. ಇನ್ನೊಂದು ಕಡೆ, ಅದೇ ಯುದ್ಧ ಮುಗಿಸಿದ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಝಿ ಮೈಸೂರು ಸೀಮೆಯ ಮೋಜಣಿಗೆ ಹೊರಟ. ಅವನಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. ಕೆಲಸ ಮಾಡಿದವರು ಕಾವಲಿ ವೆಂಕಟ ಬೋರಯ್ಯ, ಅವರ ತಮ್ಮ ಲಕ್ಷ್ಮಯ್ಯ ಮತ್ತು ಅವರ ಜೊತೆಗಾರರು. ಅವರು ಊರೂರಿಗೆ ಹೋಗಿ ಶಾನುಭೋಗರನ್ನು, ಮಠದವರನ್ನು, ಪಾಳೆಯಗಾರರ ವಂಶದವರನ್ನು ಮಾತಾಡಿಸಿ ಕೈಫಿಯತ್ತು, ಅಂದರೆ ಊರಿನ ಹಿಂದಿನ ವೃತ್ತಾಂತ, ಬರೆಸಿಕೊಂಡರು, ಶಾಸನಗಳ ನಕಲು ತೆಗೆದರು. 1821ರಲ್ಲಿ ಮೆಕೆಂಝಿ ಸತ್ತ ಮೇಲೆ ಕಂಪನಿ ಆ ಸಂಗ್ರಹವನ್ನು ಅವನ ವಿಧವೆಯಿಂದ ಹತ್ತು ಸಾವಿರ ಪೌಂಡಿಗೆ ಕೊಂಡಿತು. ಅದರಲ್ಲಿ ಕೆಲಭಾಗ ಚೆನ್ನೈಯಲ್ಲಿ, ಕೆಲಭಾಗ ಲಂಡನ್ನಿನಲ್ಲಿ ಉಳಿಯಿತು. ಕನ್ನಡದ ಕೈಫಿಯತ್ತುಗಳು ಎಂ.ಎಂ. ಕಲಬುರ್ಗಿಯವರ ಸಂಪಾದನೆಯಲ್ಲಿ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ಪುಸ್ತಕವಾಗಿ ಬಂದದ್ದು 1994ರಲ್ಲಿ. ಬೋರಯ್ಯ 1803ರಲ್ಲೇ ತೀರಿಕೊಂಡಿದ್ದರು. ಈ ಸಂಗ್ರಹವನ್ನು ಮೆಕೆಂಝಿಯ ಹೆಸರಿನಲ್ಲಿ ಮಾತ್ರ ಕರೆಯುವುದು ನನಗೆ ಇಂದಿಗೂ ಒಪ್ಪಿಗೆಯಾಗದ ಸಂಗತಿ.

1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ ಕೈಗೆ ಹೋಯಿತು. ಮುಂದೆ 1860ರ ದಶಕದ ಕೊನೆಗೆ ಇನಾಮುಗಳ ತನಿಖೆ ಶುರುವಾದಾಗ, ಮಾನ್ಯ ಉಳಿಯಬೇಕಾದರೆ ಸನ್ನದು ತೋರಿಸಬೇಕಾಯಿತು. ಅಟ್ಟದಲ್ಲಿದ್ದ ಪತ್ರಗಳು ಕಚೇರಿಗೆ ಬಂದವು. ನಕಲಿ ಪತ್ರಗಳನ್ನು ಬೇರ್ಪಡಿಸಬೇಕಾದ ಕೆಲಸವೂ ಜೊತೆಗೇ ಬಂತು. ಭೂಮಿಗಾಗಿ ಸುಳ್ಳು ತಾಮ್ರಪಟ ಮಾಡಿಸುವುದು ಹಳೆಯ ಕಾಲದಿಂದಲೂ ಇದ್ದದ್ದೇ. ಗಂಗರ ಹೆಸರಿನ ಹಲವು ತಾಮ್ರಶಾಸನಗಳು ಕೃತಕವೆಂದು ಶಾಸನತಜ್ಞ ಜೆ.ಎಫ್. ಫ್ಲೀಟ್ ಹಟ ಹಿಡಿದು ವಾದಿಸಿದರು. ರೈಸ್ ಅವರು ಒಪ್ಪಲಿಲ್ಲ. ಆ ವಾಗ್ವಾದ ಕಹಿಯಾಗಿದ್ದರೂ ಲಾಭವಾದದ್ದು ನಮಗೆ. ಲಿಪಿ ಹೇಳುವ ಕಾಲಕ್ಕೂ ಬರೆದಿರುವ ಶಕವರ್ಷಕ್ಕೂ ಹೊಂದುತ್ತದೆಯೇ, ಸಂವತ್ಸರ ತಾಳೆಯಾಗುತ್ತದೆಯೇ ಎಂದು ಕೇಳುವ ಶಿಸ್ತು ಇಲ್ಲಿ ಗಟ್ಟಿಯಾಯಿತು.

ರೈಸ್ ಅವರ ಕೆಲಸದ ಅಗಲವನ್ನು ನೆನೆದರೆ ಈಗಲೂ ಬೆರಗಾಗುತ್ತದೆ. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿ, ಕನ್ನಡವನ್ನು ಕೇಳುತ್ತಲೇ ಬೆಳೆದವರು. 1865ರಲ್ಲಿ ಮೇಜರ್ ಡಿಕ್ಸನ್ ತೆಗೆದ ಶಾಸನಗಳ ಫೋಟೊಗಳನ್ನು ಓದುವುದರಿಂದ ಅವರ ಕೆಲಸಕ್ಕೆ ದಾರಿಯಾಯಿತು. 1879ರಲ್ಲಿ 'ಮೈಸೂರ್ ಇನ್‌ಸ್ಕ್ರಿಪ್ಷನ್ಸ್' ಬಂತು. 1886ರಿಂದ 1905ರೊಳಗೆ 'ಎಪಿಗ್ರಾಫಿಯ ಕರ್ನಾಟಿಕ'ದ ಹನ್ನೆರಡು ಸಂಪುಟ, 8,869 ಶಾಸನಗಳು. ಮಾಗಡಿ, ಚನ್ನಪಟ್ಟಣ, ಕನಕಪುರಗಳೆಲ್ಲ ಬೆಂಗಳೂರು ಜಿಲ್ಲೆಯ ಒಂಬತ್ತನೇ ಸಂಪುಟದಲ್ಲಿವೆ. ತಾಲ್ಲೂಕುವಾರು ನಂಬರು ಕೊಟ್ಟು, ಯಾವ ಊರು, ಊರಿನಲ್ಲಿ ಯಾವ ಜಾಗ, ಯಾರ ಬಳಿ ಇದ್ದ ತಾಮ್ರಪಟ ಎಂದು ನಮೂದಿಸಿದ ಕ್ರಮವೇ ಅವರ ದೊಡ್ಡ ಕೊಡುಗೆ ಎಂದು ನನ್ನ ಅಭಿಪ್ರಾಯ. ಕಲ್ಲು ನಾಳೆ ಕಳೆದುಹೋದರೂ ಅದು ಯಾರ ಹೊಲದಲ್ಲಿತ್ತೆಂಬುದು ಉಳಿಯುತ್ತದೆ.

ರೈಸ್ ಅವರ ನಂತರ ಮೈಸೂರಿನ ಪುರಾತತ್ವ ಇಲಾಖೆಯ ಹೊಣೆ ಹೊತ್ತ ಆರ್. ನರಸಿಂಹಾಚಾರ್ಯರು 1916ರಲ್ಲಿ ಶೃಂಗೇರಿ ಮಠದಲ್ಲಿ ಕಂಡ ಕಂತೆ ಈ ಕ್ಷೇತ್ರದ ದೊಡ್ಡ ಶೋಧಗಳಲ್ಲಿ ಒಂದು. ಟಿಪ್ಪು ಸುಲ್ತಾನ್ ಜಗದ್ಗುರುಗಳಿಗೆ ಬರೆಸಿದ ಕನ್ನಡ ಪತ್ರಗಳು ಅಲ್ಲಿದ್ದವು. 1791ರಲ್ಲಿ ಮರಾಠಾ ದಂಡು ಮಠವನ್ನು ಸೂರೆ ಮಾಡಿದಾಗ ಮರುಕಪಟ್ಟು, ಶಾರದೆಯ ಮರುಪ್ರತಿಷ್ಠೆಗೆ ನೆರವು ಕಳಿಸಿದ ವಿಷಯ ಅವುಗಳಲ್ಲಿದೆ. ಆ ಪತ್ರಗಳ ಬೆಲೆ ಹೆಚ್ಚಿದ್ದು ಅವು ಮಠದಲ್ಲೇ ಉಳಿದದ್ದರಿಂದ. ಹಿಂದಿನ ದೊರೆಗಳ ನಿರೂಪ, ಮುಂದಿನ ದೊರೆಗಳ ನಿರೂಪ, ಮಠದ ಲೆಕ್ಕದ ಕಡತ, ಎಲ್ಲದರ ನಡುವೆ ಇಟ್ಟು ಅವನ್ನು ಓದಬಹುದು. ಎ.ಕೆ. ಶಾಸ್ತ್ರಿಯವರು ವರ್ಷಗಟ್ಟಲೆ ಕೂತು ಶೃಂಗೇರಿಯ ದಾಖಲೆಗಳನ್ನು ಪ್ರಕಟಿಸಿದ್ದರಿಂದ ಈ ಓದು ಸಾಧ್ಯವಾಯಿತು. ಕಡತ ಎಂದರೆ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಮಡಿಕೆ ಹಾಕಿ, ಬಳಪದಲ್ಲಿ ಬರೆದದ್ದು. ಒಂದು ಒದ್ದೆ ಕೈ ಸವರಿದರೆ ಬರೆಹ ಹೋಯಿತು. ಅಂಥದ್ದು ಶತಮಾನಗಳನ್ನು ದಾಟಿ ಬಂದಿದೆ.

ಇಪ್ಪತ್ತನೇ ಶತಮಾನದಲ್ಲಿ ಸಂಸ್ಥೆಗಳು ಬೆಳೆದವು. ಬೆಂಗಳೂರಿನಲ್ಲಿ 1909ರಲ್ಲಿ ಮಿಥಿಕ್ ಸೊಸೈಟಿ, ಧಾರವಾಡದಲ್ಲಿ 1914ರಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ, 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆ. ಮಲೆನಾಡಿನಲ್ಲಿ ಕೆಳದಿಯ ಗುಂಡಾ ಜೋಯಿಸರು ಮನೆಮನೆಯಿಂದ ಓಲೆ, ಕಾಗದ ಕೂಡಿಸಿ ಒಂದು ಹಳ್ಳಿಯಲ್ಲೇ ವಸ್ತುಸಂಗ್ರಹಾಲಯ ಕಟ್ಟಿದರು. ಕುದೂರಿನಂಥ ಹೋಬಳಿ ಊರುಗಳಿಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ.

ಅದೇ ಹೊತ್ತಿಗೆ ಪತ್ರಗಳಿಗೆ ಕುತ್ತು ಬೇರೊಂದು ದಾರಿಯಿಂದ ಬಂತು. 1947ರ ಆಗಸ್ಟ್ 9ರಂದು ಜಯಚಾಮರಾಜ ಒಡೆಯರು ಭಾರತಕ್ಕೆ ಸೇರುವ ಒಪ್ಪಂದಕ್ಕೆ ರುಜು ಹಾಕಿದರು. 1954, 1955ರ ಕಾಯ್ದೆಗಳಿಂದ ಮೈಸೂರಿನಲ್ಲಿ ಇನಾಮುಗಳು ರದ್ದಾದವು. ಉಳುವವನಿಗೆ ನ್ಯಾಯ ಸಿಗಲು ಅದು ಆಗಲೇಬೇಕಿತ್ತು. ಆದರೆ ಹಕ್ಕು ಹೋದ ಮೇಲೆ ಸನ್ನದಿಗೆ ಮನೆಯಲ್ಲಿ ಕೆಲಸ ಉಳಿಯಲಿಲ್ಲ. ತಾಮ್ರ ಪಾತ್ರೆಯಂಗಡಿಗೆ ತೂಕಕ್ಕೆ ಹೋಯಿತು, ಕಾಗದ ಹಳೇ ಪೇಪರಿನವನ ತಕ್ಕಡಿಗೆ. ಅಲ್ಲಿಂದ ಕೆಲವು ಸಂಗ್ರಾಹಕರ ಕೈಗೆ ಬಂದವು. ಅವರಲ್ಲಿ ಎಷ್ಟೋ ಮಂದಿ ನಿಜವಾದ ಪ್ರೀತಿಯಿಂದ ಕಾಪಾಡಿದ್ದಾರೆ. ಅವರಿಗೆ ನಾವು ಋಣಿಗಳು. ಆದರೆ ಪತ್ರ ಯಾವ ಊರಿನ ಯಾವ ಮನೆಯದೆಂಬ ಮಾಹಿತಿ ಆ ತಕ್ಕಡಿಯಲ್ಲೇ ಕಳೆದುಹೋಗಿರುತ್ತದೆ.

ಇಂಥ ನಷ್ಟ ನಮ್ಮಲ್ಲಷ್ಟೇ ಆದದ್ದಲ್ಲ. ಅಮೆರಿಕದಲ್ಲಿ ವಿಲಿಯಂ ಸ್ಪ್ರೇಗ್ ಎಂಬ ಪಾದ್ರಿ, ಅಲ್ಲಿನ ಸ್ವಾತಂತ್ರ್ಯ ಘೋಷಣೆಗೆ ರುಜು ಹಾಕಿದ ಎಲ್ಲರ ಹಸ್ತಾಕ್ಷರಗಳ ಸಂಗ್ರಹವನ್ನು ಮೊದಲು ಪೂರ್ತಿ ಮಾಡಿದವನೆಂದು ಹೆಸರಾದ. ಜಾರ್ಜ್ ವಾಷಿಂಗ್ಟನ್ನಿನ ಪತ್ರಗಳ ರಾಶಿಯಿಂದ ಬೇಕಾದ್ದನ್ನು ತೆಗೆದುಕೊಳ್ಳಲು, ನಕಲು ಬರೆದಿಟ್ಟರೆ ಸಾಕೆಂಬ ಷರತ್ತಿನಲ್ಲಿ, ಅವನಿಗೆ ಅನುಮತಿ ಸಿಕ್ಕಿತ್ತು. ಮೂಲಗಳು ಚದುರಿದವು. ಸಂಗ್ರಹವೆಂಬುದು ಕಡತವನ್ನು ಒಡೆಯುವ ಕೆಲಸವೂ ಆಗಬಹುದೆಂಬುದಕ್ಕೆ ಅದು ನಿದರ್ಶನ.

ನಮ್ಮ ಕಾನೂನು ಈಗ ಸ್ಪಷ್ಟವಾಗಿದೆ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಾಸನ, ಎಪ್ಪತ್ತೈದು ವರ್ಷ ದಾಟಿದ ಚಾರಿತ್ರಿಕ ಮಹತ್ವದ ಹಸ್ತಪ್ರತಿ ಅಥವಾ ದಾಖಲೆ ಪುರಾವಸ್ತು. ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧವಲ್ಲ. ದೇಶದಾಚೆಗೆ ಕಳಿಸುವುದು, ಪರವಾನಗಿ ಇಲ್ಲದೆ ವ್ಯಾಪಾರ ಮಾಡುವುದು ಅಪರಾಧ. ನೆಲದಲ್ಲಿ ಸಿಕ್ಕಿದ ತಾಮ್ರಪಟಕ್ಕೆ ನಿಧಿ ಕಾಯ್ದೆಯೂ ಅನ್ವಯಿಸುತ್ತದೆ.

ತೀರ ಈಚಿನ ಬೆಳವಣಿಗೆ ನನಗೆ ಹೆಚ್ಚು ಭರವಸೆ ಕೊಟ್ಟಿದೆ. ಹಿಂದೆ ಶಾಸನದ ಪಡಿಯಚ್ಚು ತೆಗೆಯಲು ಕಲ್ಲು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು, ಶಾಯಿ ಒತ್ತಬೇಕಿತ್ತು. 2021ರಿಂದ ಮಿಥಿಕ್ ಸೊಸೈಟಿಯ ತಂಡ ಬೆಂಗಳೂರು ಸುತ್ತಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದೆ. ಸವೆದು ಹೋದ ಅಕ್ಷರವೂ ಕಂಪ್ಯೂಟರಿನಲ್ಲಿ ಎದ್ದು ಕಾಣುತ್ತದೆ. ರೈಸ್ ಕೊಟ್ಟ ಪಾಠದ ತಪ್ಪುಗಳನ್ನು ಕಲ್ಲಿನಿಂದಲೇ ತಿದ್ದಬಹುದು. ಕಲ್ಲು ಮಾತ್ರ ಇದ್ದಲ್ಲೇ ಇರುತ್ತದೆ. ಸಂಗ್ರಹಕ್ಕೆ ಇದಕ್ಕಿಂತ ನ್ಯಾಯವಾದ ದಾರಿ ನನಗೆ ಕಾಣದು.

ಕಾಗದಕ್ಕೂ ತಾಮ್ರಕ್ಕೂ ಇಂಥ ಕೆಲಸ ಹೋಬಳಿ ಮಟ್ಟದಲ್ಲಿ ಇನ್ನೂ ಆಗಬೇಕಿದೆ. ಕುದೂರು, ಸೋಲೂರು, ತಿಪ್ಪಸಂದ್ರದ ಕಡೆಯ ಹಳೆಯ ಮನೆತನಗಳವರಲ್ಲಿ, ಅರ್ಚಕರಲ್ಲಿ, ಶಾನುಭೋಗಿಕೆ ಮಾಡಿದವರ ಮಕ್ಕಳಲ್ಲಿ ನನ್ನ ಬೇಡಿಕೆ ಇಷ್ಟೇ. ತಾಮ್ರಪಟ ಸಿಕ್ಕರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಹರಿದ ಸನ್ನದಿಗೆ ಸೆಲ್ಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಟ್ ಮಾಡಿಸಬೇಡಿ. ಕಡತವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಎರಡೂ ಮಗ್ಗುಲಿನ ಫೋಟೊ ತೆಗೆದು, ಅದು ಯಾರ ಮನೆಯದು, ಯಾವ ಹೊಲದ ಮಾತು ಅದರಲ್ಲಿದೆ ಎಂದು ಹಿರಿಯರು ಹೇಳುವುದನ್ನು ಜೊತೆಗೆ ಬರೆದಿಡಿ. ಓದಿಸಲು ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೋ, ಮಿಥಿಕ್ ಸೊಸೈಟಿಗೋ, ಮೈಸೂರಿನ ಕೇಂದ್ರ ಶಾಸನ ವಿಭಾಗಕ್ಕೋ ತೋರಿಸಿ. ಬಿಡಿ ಹಾಳೆಯನ್ನು ಮಾತ್ರ ಯಾರಿಗೂ ಮಾರಬೇಡಿ.