ನೆಟ್‌ವರ್ಕ್ ಲೋಡ್ ಬ್ಯಾಲೆನ್ಸಿಂಗ್: ಯೂನಿಕಾಸ್ಟ್ ಮತ್ತು ಮಲ್ಟಿಕಾಸ್ಟ್ ವಿಧಾನಗಳು

ನೆಟ್‌ವರ್ಕ್ ಲೋಡ್ ಬ್ಯಾಲೆನ್ಸಿಂಗ್, ಸಂಕ್ಷಿಪ್ತವಾಗಿ ಎನ್‌ಎಲ್‌ಬಿ, ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಸರ್ವರ್‌ನಲ್ಲಿ ಅಡಕವಾಗಿರುವ ತಂತ್ರಾಂಶ. ಒಂದು ಐಪಿ ವಿಳಾಸಕ್ಕೆ ಬರುವ ಕೋರಿಕೆಗಳನ್ನು ಇದು ಗರಿಷ್ಠ 32 ಸರ್ವರ್‌ಗಳ ಕ್ಲಸ್ಟರ್‌ನಲ್ಲಿ ಹಂಚುತ್ತದೆ. ಕ್ಲಸ್ಟರ್‌ಗೆ ಕೊಡುವ ಮ್ಯಾಕ್ ವಿಳಾಸದ, ಅಂದರೆ ಜಾಲದಲ್ಲಿ ನೆಟ್‌ವರ್ಕ್ ಕಾರ್ಡನ್ನು ಗುರುತಿಸುವ ವಿಳಾಸದ, ಬಗೆಯನ್ನು ಅನುಸರಿಸಿ ಯೂನಿಕಾಸ್ಟ್, ಮಲ್ಟಿಕಾಸ್ಟ್ ಮತ್ತು ಐಜಿಎಂಪಿ ಮಲ್ಟಿಕಾಸ್ಟ್ ಎಂಬ ಮೂರು ವಿಧಾನಗಳಿವೆ. ಒಂದು ಕ್ಲಸ್ಟರ್‌ನ ಎಲ್ಲ ಸರ್ವರ್‌ಗಳೂ ಒಂದೇ ವಿಧಾನದಲ್ಲಿರಬೇಕು.

ಉಗಮ

ಇದರ ಮೂಲ ಅಮೆರಿಕದ ಆರೆಗನ್ ರಾಜ್ಯದ ಬೀವರ್ಟನ್‌ನಲ್ಲಿದ್ದ ವೇಲೆನ್ಸ್ ರಿಸರ್ಚ್ ಕಂಪನಿಯ ‘ಕಾನ್ವಾಯ್ ಕ್ಲಸ್ಟರ್’ ತಂತ್ರಾಂಶ. 1998ರಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯನ್ನು ಕೊಂಡು, ತಂತ್ರಾಂಶವನ್ನು ವಿಂಡೋಸ್ ಎನ್‌ಟಿ 4.0ರ ಎಂಟರ್‌ಪ್ರೈಸ್ ಆವೃತ್ತಿಗೆ ‘ಲೋಡ್ ಬ್ಯಾಲೆನ್ಸಿಂಗ್ ಸರ್ವಿಸ್’ ಹೆಸರಿನಲ್ಲಿ ನೀಡಿತು. ಈಗಿನ ಹೆಸರು ಬಂದದ್ದು ವಿಂಡೋಸ್ 2000ರೊಂದಿಗೆ. ವಿಂಡೋಸ್ ಸರ್ವರ್ 2003ರಿಂದ ಅದು ಎಲ್ಲ ಆವೃತ್ತಿಗಳಲ್ಲೂ ದೊರೆಯಿತು.

ಕಾನ್ವಾಯ್‌ನಿಂದ ಬಂದ ಮೂಲ ವಿನ್ಯಾಸ ಬದಲಾಗಲಿಲ್ಲ. ಕೋರಿಕೆಗಳನ್ನು ಹಂಚಲು ನಡುವೆ ಬೇರೆ ಸಾಧನವಿಲ್ಲ. ಪ್ರತಿ ಪ್ಯಾಕೆಟ್ ಎಲ್ಲ ಸರ್ವರ್‌ಗಳಿಗೂ ತಲುಪುತ್ತದೆ. ಒಂದೇ ಲೆಕ್ಕಾಚಾರವನ್ನು ಎಲ್ಲವೂ ಮಾಡಿ, ಸರದಿ ಯಾರದೋ ಆ ಸರ್ವರ್ ಮಾತ್ರ ಪ್ಯಾಕೆಟ್ ಸ್ವೀಕರಿಸುತ್ತದೆ, ಉಳಿದವು ಕೈಬಿಡುತ್ತವೆ. ಸರ್ವರ್‌ಗಳು ಸೆಕೆಂಡಿಗೊಮ್ಮೆ ತಮ್ಮ ಇರವನ್ನು ಸಾರುತ್ತವೆ. ಒಂದರ ಐದು ಸಂದೇಶಗಳು ಸತತವಾಗಿ ತಪ್ಪಿದರೆ ಉಳಿದವು ಹೊಣೆಯನ್ನು ಮರುಹಂಚಿಕೊಳ್ಳುತ್ತವೆ. ಬಂದದ್ದನ್ನೆಲ್ಲ ಎಲ್ಲರಿಗೂ ಕಳಿಸುವ ಹಬ್‌ಗಳಿಗೆ ಈ ವಿನ್ಯಾಸ ಸಹಜವಾಗಿ ಹೊಂದಿತು. ಯಾವ ಮ್ಯಾಕ್ ವಿಳಾಸ ಯಾವ ಪೋರ್ಟ್‌ನಲ್ಲಿದೆ ಎಂದು ಕಲಿತು, ಅಲ್ಲಿಗೆ ಮಾತ್ರ ಕಳಿಸುವ ಸ್ವಿಚ್‌ಗಳೊಂದಿಗೆ ತೊಡಕು ಶುರುವಾಯಿತು. ಮೂರು ವಿಧಾನಗಳೂ ಈ ತೊಡಕಿಗೆ ಕಂಡುಕೊಂಡ ಬೇರೆ ಬೇರೆ ಉತ್ತರಗಳು.

ಯೂನಿಕಾಸ್ಟ್

ಇದರಲ್ಲಿ ಪ್ರತಿ ಸರ್ವರ್‌ನ ನೆಟ್‌ವರ್ಕ್ ಕಾರ್ಡ್ ತನ್ನ ಸ್ವಂತ ಮ್ಯಾಕ್ ವಿಳಾಸ ಬಿಟ್ಟು, ಕ್ಲಸ್ಟರ್‌ನ ಸಮಾನ ವಿಳಾಸ ತಳೆಯುತ್ತದೆ. ಅದರ ಮೊದಲ ಎರಡು ಬೈಟ್‌ಗಳು 02-ಬಿಎಫ್. ಉಳಿದ ನಾಲ್ಕು ಕ್ಲಸ್ಟರ್‌ನ ಐಪಿ ವಿಳಾಸದಿಂದ ಬಂದವು. ಸರ್ವರ್ ಪ್ಯಾಕೆಟ್ ಕಳಿಸುವಾಗ ಎರಡನೆಯ ಬೈಟ್‌ನಲ್ಲಿ ತನ್ನ ಕ್ರಮಸಂಖ್ಯೆಯನ್ನಿಟ್ಟು ಈ ವಿಳಾಸವನ್ನು ಮರೆಮಾಚುತ್ತದೆ. ಹೀಗಾಗಿ ಸ್ವಿಚ್‌ಗೆ ಕ್ಲಸ್ಟರ್‌ನ ಜಾಗ ಎಂದೂ ತಿಳಿಯದೆ, ಅದು ಪ್ಯಾಕೆಟ್‌ಗಳನ್ನು ಎಲ್ಲ ಪೋರ್ಟ್‌ಗಳಿಗೂ ಹರಿಸುತ್ತದೆ.

ಇದು ಯಾವ ರೂಟರ್‌ನೊಂದಿಗೂ ನಡೆಯುತ್ತದೆ. ಆದರೆ ಕ್ಲಸ್ಟರ್‌ಗೆ ಸಂಬಂಧವಿಲ್ಲದ ಯಂತ್ರಗಳ ಮೇಲೂ ಆ ಹೊರೆ ಬೀಳುತ್ತದೆ. ಒಂದೇ ಮ್ಯಾಕ್ ವಿಳಾಸವಿರುವ ಸರ್ವರ್‌ಗಳು ಆ ಕಾರ್ಡ್ ಮೂಲಕ ಪರಸ್ಪರ ಮಾತಾಡಲಾರವಾದ್ದರಿಂದ ಎರಡನೆಯ ಕಾರ್ಡ್ ಹಾಕುವುದು ರೂಢಿಯಾಯಿತು. ವಿಂಡೋಸ್ ಸರ್ವರ್ 2003ರ ಮೊದಲ ಸರ್ವಿಸ್ ಪ್ಯಾಕ್‌ನಲ್ಲಿ ಈ ಮಿತಿಯನ್ನು ಸಡಿಲಿಸುವ ರಿಜಿಸ್ಟ್ರಿ ಆಯ್ಕೆ ಸೇರಿತು.

ಮಲ್ಟಿಕಾಸ್ಟ್

ಇಲ್ಲಿ ಕಾರ್ಡ್‌ನ ಸ್ವಂತ ವಿಳಾಸ ಉಳಿದು, ಜೊತೆಗೆ 03-ಬಿಎಫ್‌ನಿಂದ ಆರಂಭವಾಗುವ ಗುಂಪು ವಿಳಾಸ ಸೇರುತ್ತದೆ. ಸರ್ವರ್‌ಗಳ ನಡುವಿನ ಸಂಪರ್ಕಕ್ಕೆ ಒಂದೇ ಕಾರ್ಡ್ ಸಾಕು. ತೊಡಕು ರೂಟರ್‌ನ ಕಡೆಗೆ ಸರಿಯುತ್ತದೆ. ಒಂದು ಐಪಿ ವಿಳಾಸದ ಮ್ಯಾಕ್ ವಿಳಾಸ ಯಾವುದೆಂದು ರೂಟರ್ ಎಆರ್‌ಪಿ ಮೂಲಕ ಕೇಳಿ ತಿಳಿಯುತ್ತದೆ; ಮಲ್ಟಿಕಾಸ್ಟ್ ಮ್ಯಾಕ್ ವಿಳಾಸ ಹೇಳುವ ಎಆರ್‌ಪಿ ಉತ್ತರವನ್ನು ಅದು ನಂಬಬಾರದೆಂದು ರೂಟರ್‌ಗಳ ನಿಯಮಗಳ ದಾಖಲೆಯಾದ 1995ರ ಆರ್‌ಎಫ್‌ಸಿ 1812 ವಿಧಿಸಿದೆ. ಎನ್‌ಎಲ್‌ಬಿ ಕಳಿಸುವುದು ಅಂಥದೇ ಉತ್ತರ. ಆದ್ದರಿಂದ ಸಿಸ್ಕೊ ರೂಟರ್‌ಗಳಂಥವುಗಳಲ್ಲಿ ಎಆರ್‌ಪಿ ನಮೂದನ್ನು ಕೈಯಾರೆ ಸೇರಿಸಬೇಕಾಗುತ್ತದೆ. ಸ್ವಿಚ್ ಎಲ್ಲ ಪೋರ್ಟ್‌ಗಳಿಗೂ ಹರಿಸುವುದು ಇದರಿಂದ ತಾನಾಗಿ ನಿಲ್ಲುವುದಿಲ್ಲ.

ಅದನ್ನು ತಡೆಯಲು ವಿಂಡೋಸ್ ಸರ್ವರ್ 2003 ಐಜಿಎಂಪಿ ಬೆಂಬಲ ತಂದಿತು. ಸರ್ವರ್‌ಗಳು ಮಲ್ಟಿಕಾಸ್ಟ್ ಗುಂಪಿಗೆ ಸೇರುವ ಸಂದೇಶಗಳನ್ನು ನಿಯಮಿತವಾಗಿ ಕಳಿಸುತ್ತವೆ. ಅವನ್ನು ಗಮನಿಸುವ ಸ್ವಿಚ್, ಸಂಬಂಧಪಟ್ಟ ಪೋರ್ಟ್‌ಗಳಿಗೆ ಮಾತ್ರ ಪ್ಯಾಕೆಟ್ ಒಪ್ಪಿಸುತ್ತದೆ. ಈ ವಿಧಾನದ ಮ್ಯಾಕ್ ವಿಳಾಸ 01-00-5ಇ-7ಎಫ್‌ನಿಂದ ಆರಂಭವಾಗುತ್ತದೆ. ಸ್ವಿಚ್‌ನಲ್ಲಿ ಹೀಗೆ ಗಮನಿಸುವ ಸೌಲಭ್ಯ, ಅಂದರೆ ಐಜಿಎಂಪಿ ಸ್ನೂಪಿಂಗ್, ಇಲ್ಲದಿದ್ದರೆ ಇದರಿಂದ ಪ್ರಯೋಜನವಿಲ್ಲ.

ವರ್ಚುವಲ್ ಯಂತ್ರಗಳಲ್ಲಿ

ವರ್ಚುವಲ್ ಯಂತ್ರಗಳು ಬಂದಾಗ ಯೂನಿಕಾಸ್ಟ್‌ಗೆ ಹೊಸ ಅಡ್ಡಿ ಎದುರಾಯಿತು. ವರ್ಚುವಲ್ ಯಂತ್ರಗಳನ್ನು ನಡೆಸುವ ವಿಎಂವೇರ್‌ನ ತಂತ್ರಾಂಶ ಇಎಸ್‌ಎಕ್ಸ್, ಆ ಯಂತ್ರಗಳ ವಿಳಾಸವನ್ನು ತಾನೇ ಸ್ವಿಚ್‌ಗೆ ತಿಳಿಸುವುದರಿಂದ ಮರೆಮಾಚಿದ ವಿಳಾಸ ಬಯಲಾಗುತ್ತಿತ್ತು. ಆ ಸೂಚನೆ ನಿಲ್ಲಿಸಬೇಕಾಯಿತು, ಅಥವಾ ವಿಎಂವೇರ್ ಶಿಫಾರಸು ಮಾಡಿದ ಮಲ್ಟಿಕಾಸ್ಟ್‌ಗೆ ಹೋಗಬೇಕಾಯಿತು. ಮೈಕ್ರೋಸಾಫ್ಟ್‌ನ ಇಂಥದೇ ತಂತ್ರಾಂಶ ಹೈಪರ್-ವಿಯಲ್ಲಿ ಮ್ಯಾಕ್ ವಿಳಾಸ ಬದಲಿಸುವ ಅನುಮತಿಯನ್ನು ಯಂತ್ರಕ್ಕೆ ಕೊಡಬೇಕು. ಮೈಕ್ರೋಸಾಫ್ಟ್‌ನದೇ ಕ್ಲೌಡ್ ಆದ ಆಝೂರ್‌ನ ವರ್ಚುವಲ್ ಜಾಲಗಳು ಬ್ರಾಡ್‌ಕಾಸ್ಟ್, ಮಲ್ಟಿಕಾಸ್ಟ್ ಎರಡನ್ನೂ ಸಾಗಿಸುವುದಿಲ್ಲವಾದ್ದರಿಂದ ಅಲ್ಲಿ ಎನ್‌ಎಲ್‌ಬಿಗೆ ಎಡೆಯಿಲ್ಲ. ಅಲ್ಲಿ ಕೋರಿಕೆಗಳನ್ನು ಹಂಚುವ ಕೆಲಸ ಜಾಲದ ಭಾಗವೇ ಆದ ಪ್ರತ್ಯೇಕ ಲೋಡ್ ಬ್ಯಾಲೆನ್ಸರ್‌ನದು.