ಎರಡನೆಯ ಕಾಳಗದ ದರ

ಬಾಜಿಯ ಲೋಕದಲ್ಲಿ ಅಂಡರ್‌ಡಾಗ್ ಎಂದರೆ ದುರ್ಬಲ ಎಂದರ್ಥವಲ್ಲ. ಗೆಲ್ಲುವುದಿಲ್ಲವೆಂದು ದರಪಟ್ಟಿ ಹೇಳುವ ಆಟಗಾರ, ಅಷ್ಟೆ. ಅಮೆರಿಕದ ಬುಕ್ಕಿಗಳು ಈ ದರವನ್ನು 100 ಡಾಲರ್ ಲೆಕ್ಕದಲ್ಲಿ ಬರೆಯುತ್ತಾರೆ. ಹೆಸರಿನ ಮುಂದೆ +800 ಎಂದಿದ್ದರೆ, 100 ಡಾಲರ್ ಕಟ್ಟಿ ಗೆದ್ದವನಿಗೆ 800 ಡಾಲರ್ ಲಾಭ. -300 ಎಂದಿದ್ದರೆ 100 ಡಾಲರ್ ಗಳಿಸಲು 300 ಕಟ್ಟಬೇಕು. ದರದೊಳಗೇ ಒಂದು ಅಂದಾಜು ಅಡಗಿರುತ್ತದೆ: +800 ಎಂದರೆ ಒಂಬತ್ತರಲ್ಲಿ ಒಂದು ಸಲ ಗೆಲ್ಲಬಹುದು, ಅಂದರೆ ಸುಮಾರು ಶೇ. 11. ಇಬ್ಬರು ಎದುರಾಳಿಗಳ ಅಂದಾಜುಗಳನ್ನೂ ಕೂಡಿಸಿದರೆ ಮೊತ್ತ 100 ದಾಟುತ್ತದೆ. ಆ ಹೆಚ್ಚುವರಿಯೇ ಬುಕ್ಕಿಯ ಸಂಪಾದನೆ.

ಮೊದಲ ಕಾಳಗಕ್ಕೆ ದರ ಹಾಕುವುದು ಸುಲಭವಲ್ಲ, ಮರುಪಂದ್ಯಕ್ಕೆ ಹಾಕುವುದು ಇನ್ನೂ ಕಷ್ಟ. ಮೊದಲ ಫಲಿತಾಂಶ ಎಲ್ಲರ ಕಣ್ಣೆದುರಿಗೇ ಇರುತ್ತದೆ. ಅದು ಅದೃಷ್ಟವೋ ಸಾಮರ್ಥ್ಯವೋ ಎಂಬುದಕ್ಕೂ ಈಗ ಬೆಲೆ ಕಟ್ಟಬೇಕು. ನೆಚ್ಚಿನವನ ಮೇಲೆ ದುಡ್ಡು ಸುರಿದು ಕೈ ಸುಟ್ಟುಕೊಂಡ ಪಂಟರು ಆ ಸೋಲನ್ನು ಅಪಘಾತವೆಂದೇ ಕರೆಯಲು ಬಯಸುತ್ತಾರೆ. ಒಮ್ಮೆ ಗೆದ್ದವರನ್ನೇ ಮತ್ತೆ ಅಂಡರ್‌ಡಾಗ್ ಮಾಡುವ ವಿಚಿತ್ರ ಹುಟ್ಟುವುದು ಇಲ್ಲಿಂದ.

ಈ ಚಾಳಿ ಬಂದದ್ದು ಬಾಕ್ಸಿಂಗ್‌ನಿಂದ. 1964ರ ಫೆಬ್ರುವರಿ 25ರಂದು ಮಯಾಮಿ ಬೀಚ್‌ನಲ್ಲಿ ಸನ್ನಿ ಲಿಸ್ಟನ್ ಎದುರು ಕ್ಯಾಸಿಯಸ್ ಕ್ಲೇ ಅವರಿಗೆ ಇದ್ದ ದರ ಒಂದಕ್ಕೆ ಏಳು. ಏಳನೆಯ ಸುತ್ತಿಗೆ ಲಿಸ್ಟನ್ ಕುರ್ಚಿಯಿಂದ ಏಳಲೇ ಇಲ್ಲ. ಇಷ್ಟಾದರೂ ಮರುಪಂದ್ಯಕ್ಕೆ ಬುಕ್ಕಿಗಳು ಫೇವರಿಟ್ ಎಂದು ಬರೆದದ್ದು ಲಿಸ್ಟನ್ ಹೆಸರನ್ನೇ. 1965ರ ಮೇ 25ರಂದು ಮೇನ್ ರಾಜ್ಯದ ಲೂಯಿಸ್ಟನ್‌ನಲ್ಲಿ, ಅಷ್ಟರಲ್ಲಿ ಮುಹಮ್ಮದ್ ಅಲಿ ಆಗಿದ್ದ ಕ್ಲೇ, ಮೊದಲ ಸುತ್ತಿನಲ್ಲೇ ಕಾಳಗ ಮುಗಿಸಿದರು. ಪಂಟರ ಊಹೆ ಪ್ರತಿಸಲವೂ ತಪ್ಪಿತೆಂದೇನಲ್ಲ. 2001ರ ಏಪ್ರಿಲ್‌ನಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಲೆನಾಕ್ಸ್ ಲೂಯಿಸ್‌ರನ್ನು ಕೆಡವಿ ಬೆರಗು ಹುಟ್ಟಿಸಿದ ಹಸೀಂ ರಹಮಾನ್, ಅದೇ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ನಾಲ್ಕನೆಯ ಸುತ್ತಿಗೇ ಮಲಗಿದರು.

ಗುದ್ದು, ಒದೆತ, ಕುಸ್ತಿ ಎಲ್ಲ ಬೆರೆತ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್‌ಗೆ ಬಾಜಿಕಟ್ಟೆಯಲ್ಲಿ ಜಾಗ ಸಿಕ್ಕಿದ್ದು ತಡವಾಗಿ. 1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ಅದರ ಕಾಳಗಗಳನ್ನು ಏರ್ಪಡಿಸುವ ಯುಎಫ್‌ಸಿ ಶುರುವಾದಾಗ ತೂಕದ ವರ್ಗಗಳೇ ಇರಲಿಲ್ಲ. ಸೆನೆಟರ್ ಜಾನ್ ಮೆಕೇನ್ ಅದನ್ನು ಮನುಷ್ಯರ ಕೋಳಿ ಅಂಕವೆಂದು ಜರೆದು, ನಿಷೇಧಿಸುವಂತೆ ರಾಜ್ಯಗಳನ್ನು ಒತ್ತಾಯಿಸಿದ್ದರು. 2001ರ ಜನವರಿಯಲ್ಲಿ ಲಾಸ್ ವೇಗಸ್‌ನ ಕ್ಯಾಸಿನೋ ಮಾಲೀಕರಾದ ಫರ್ಟಿಟಾ ಸೋದರರು 20 ಲಕ್ಷ ಡಾಲರಿಗೆ ಯುಎಫ್‌ಸಿಯನ್ನು ಕೊಂಡರು. ಅದೇ ಸೆಪ್ಟೆಂಬರ್ 28ರಂದು ನೆವಾಡಾದಲ್ಲಿ ಮೊದಲ ಯುಎಫ್‌ಸಿ ಕಾಳಗಗಳು ನಡೆದವು. ನೆವಾಡಾದಲ್ಲಿ 1931ರಿಂದಲೇ ಜೂಜು ಕಾನೂನುಬದ್ಧ. 1992ರ ಕೇಂದ್ರ ಕಾನೂನಿನಿಂದಾಗಿ, ಒಂದೊಂದೇ ಪಂದ್ಯದ ಮೇಲೆ ಬಾಜಿ ಕಟ್ಟಲು ಕಾನೂನಿನ ಒಪ್ಪಿಗೆ ಇದ್ದದ್ದು ಹೆಚ್ಚುಕಡಿಮೆ ಆ ಒಂದು ರಾಜ್ಯದಲ್ಲಿ ಮಾತ್ರ. ಅಮೆರಿಕದ ಸುಪ್ರೀಂ ಕೋರ್ಟ್ ಆ ಕಾನೂನನ್ನು ತೆಗೆದುಹಾಕಿದ್ದು 2018ರ ಮೇ 14ರಂದು.

ಈ ಆಟದ ಮರುಪಂದ್ಯಗಳ ಮಾತು ಬಂದಾಗ ಮೊದಲು ನೆನಪಾಗುವವರು ಮ್ಯಾಟ್ ಸೆರಾ. 2006ರಲ್ಲಿ ಯುಎಫ್‌ಸಿ ತನ್ನ ಟಿವಿ ಸ್ಪರ್ಧೆಯ ಒಂದು ಆವೃತ್ತಿಯನ್ನು ಮೂಲೆಗುಂಪಾಗಿದ್ದ ಹಳಬರಿಗೇ ಮೀಸಲಿಟ್ಟು, ಗೆದ್ದವರಿಗೆ ಚಾಂಪಿಯನ್ ಜೊತೆ ಕಾಳಗ ಎಂದು ಸಾರಿತ್ತು. ನ್ಯೂಯಾರ್ಕಿನ ಲಾಂಗ್ ಐಲೆಂಡ್‌ನ ಸೆರಾ ಐದಡಿ ಆರಂಗುಲದ ಜಿಯು-ಜಿಟ್ಸು ಗುರು. ಅಂತಿಮ ಕಾಳಗವನ್ನು ಅವರು ಒಮ್ಮತವಿಲ್ಲದ ತೀರ್ಪಿನಲ್ಲಿ ಹೇಗೋ ದಾಟಿದ್ದರು. ಎದುರಿಗಿದ್ದದ್ದು ವೆಲ್ಟರ್‌ವೇಟ್ ಚಾಂಪಿಯನ್, ಕೆನಡಾದ ಜಾರ್ಜ್ ಸೇಂಟ್-ಪಿಯರ್. ಸೆರಾ ಪರ ದರ ಒಂದಕ್ಕೆ ಎಂಟನ್ನೂ ಮೀರಿತ್ತು. 2007ರ ಏಪ್ರಿಲ್ 7ರಂದು ಹ್ಯೂಸ್ಟನ್‌ನಲ್ಲಿ ಸೆರಾ ಬೀಸಿದ ಬಲಗೈ ಏಟು ಸೇಂಟ್-ಪಿಯರ್ ಕಿವಿಯ ಹಿಂದೆ ತಾಗಿತು. ಚಾಂಪಿಯನ್ನರ ಕಾಲು ನೆಲಕ್ಕೆ ಸರಿಯಾಗಿ ಊರಲಿಲ್ಲ. ಸುಧಾರಿಸಿಕೊಳ್ಳಲು ಬಿಡದೆ ಸೆರಾ ಗುದ್ದುತ್ತಲೇ ಹೋದರು. 3 ನಿಮಿಷ 25 ಸೆಕೆಂಡಿಗೆ ರೆಫರಿ ನಡುವೆ ಬಂದರು.

ಒಂದು ವರ್ಷದ ಮೇಲೆ, 2008ರ ಏಪ್ರಿಲ್ 19ರಂದು, ಮಾಂಟ್ರಿಯಲ್‌ನಲ್ಲಿ 21,390 ಜನರೆದುರು ಮರುಪಂದ್ಯ. ಚಾಂಪಿಯನ್ ಬೆಲ್ಟ್ ಸೆರಾ ಸೊಂಟದಲ್ಲಿತ್ತು, ಅಂಡರ್‌ಡಾಗ್ ಪಟ್ಟವೂ ಅವರದೇ. ಈ ಸಲ ಸೇಂಟ್-ಪಿಯರ್ ನಿಂತು ಗುದ್ದಾಡುವ ಗೊಡವೆಗೇ ಹೋಗಲಿಲ್ಲ. ಶುರುವಿನಲ್ಲೇ ಕೆಳಕ್ಕೆ ಕೆಡವಿದರು, ಏಳಲು ಹೊರಟಾಗಲೆಲ್ಲ ಮತ್ತೆ ಕೆಡವಿದರು. ಎರಡನೆಯ ಸುತ್ತಿನ ಕೊನೆಯಲ್ಲಿ ಪಕ್ಕೆಲುಬಿಗೆ ಮೊಣಕಾಲಿನಿಂದ ಒಂದರ ಮೇಲೊಂದು ಹೊಡೆತಗಳು ಬಿದ್ದವು. ಕಾಳಗ ಮುಗಿಯಿತು.

ಫ್ರಾಂಕಿ ಎಡ್ಗರ್ ಕಥೆ ಇದಕ್ಕೆ ತದ್ವಿರುದ್ಧ, ಪಂಟರ ಪಾಲಿಗೆ ಇನ್ನೂ ದೊಡ್ಡ ಪಾಠ. 2010ರ ಏಪ್ರಿಲ್ 10ರಂದು ಅಬುಧಾಬಿಯಲ್ಲಿ ಅವರು ಬಿ.ಜೆ. ಪೆನ್‌ರಿಂದ ಲೈಟ್‌ವೇಟ್ ಬೆಲ್ಟ್ ಕಸಿದರು. ಪೆನ್ 2002ರ ನಂತರ ಆ ತೂಕದಲ್ಲಿ ಸೋತವರೇ ಅಲ್ಲ. ಎಡ್ಗರ್ ಗೆಲುವಿನಲ್ಲಿ ನಾಕೌಟ್ ಇರಲಿಲ್ಲ. ಒಳನುಗ್ಗಿ ಹೊಡೆದು, ತಿರುಗೇಟು ಬರುವ ಮೊದಲೇ ಹೊರಸರಿಯುವ ಕಾಲಾಟ ಐದೂ ಸುತ್ತು ನಡೆದಿತ್ತು. ಮೂವರೂ ತೀರ್ಪುಗಾರರು ಎಡ್ಗರ್‌ಗೇ ಕೊಟ್ಟರೂ ಅಂಕಗಳು 50-45, 49-46, 48-47 ಎಂದು ಚೆದುರಿದ್ದವು. ತೀರ್ಪೇ ತಪ್ಪೆಂದು ಕೂಗೆದ್ದಿತು. ಆಗಸ್ಟ್ 28ರಂದು ಬಾಸ್ಟನ್‌ನಲ್ಲಿ ಮತ್ತೆ ಪೆನ್ನೇ ಫೇವರಿಟ್. ಎಡ್ಗರ್ ಅದೇ ಕಾಲಾಟವನ್ನು ಇನ್ನಷ್ಟು ಚುರುಕಾಗಿ ಆಡಿದರು. ಮೂವರು ತೀರ್ಪುಗಾರರೂ 50-45 ಎಂದೇ ಬರೆದರು. ಎಚ್ಚರ ತಪ್ಪಿದ ಚಾಂಪಿಯನ್ ಬೀಸಿದ ಕೈಗೆ ಸಿಕ್ಕು ಸೋಲುವುದು ಒಂದು ಬಗೆ, 25 ನಿಮಿಷ ಗಾಳಿಗೆ ಗುದ್ದಿ ಸೋಲುವುದು ಇನ್ನೊಂದು ಬಗೆ. ದರ ಹಾಕಿದವರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರು.

2013ರ ಜುಲೈ 6ರಂದು ಕ್ರಿಸ್ ವೈಡ್‌ಮನ್ ಎದುರು ಚಾಂಪಿಯನ್ ಆಂಡರ್ಸನ್ ಸಿಲ್ವಾ ಕೈ ಇಳಿಬಿಟ್ಟು, ಅಣಕಿಸುತ್ತ ನಿಂತಿದ್ದರು. ಎಡಗೈ ಹುಕ್ ದವಡೆಗೆ ಬಿತ್ತು. ಯುಎಫ್‌ಸಿಯಲ್ಲಿ ಅವರ 16 ಸತತ ಗೆಲುವುಗಳ ಸರಪಣಿ ಅಲ್ಲಿಗೆ ತುಂಡಾಯಿತು. ಸಿಲ್ವಾ ಸೋತದ್ದು ತಮ್ಮ ಹುಡುಗಾಟಕ್ಕೇ ಎಂದುಕೊಂಡ ಪಂಟರು ಡಿಸೆಂಬರ್ 28ರ ಮರುಪಂದ್ಯದಲ್ಲೂ ಅವರ ಬೆನ್ನಿಗೇ ನಿಂತರು. ಎರಡನೆಯ ಸುತ್ತಿನಲ್ಲಿ ಸಿಲ್ವಾ ಒದ್ದ ಎಡಗಾಲನ್ನು ವೈಡ್‌ಮನ್ ಮೊಣಕಾಲು ಎತ್ತಿ ತಡೆದರು. ಸಿಲ್ವಾರ ಮೊಣಕಾಲ ಕೆಳಗಿನ ಮೂಳೆ ಎರಡಾಯಿತು. ಇದನ್ನು ಹಲವರು ಇಂದಿಗೂ ದುರದೃಷ್ಟವೆನ್ನುತ್ತಾರೆ. ಆದರೆ ಒದೆತವನ್ನು ಹಾಗೆ ತಡೆಯುವುದು ಅಭ್ಯಾಸದಿಂದ ಬರುವ ಕೌಶಲವೇ.

ಅಪಘಾತದ ವಾದ ಸಂಪೂರ್ಣ ಸರಿಯಾದದ್ದು ಅಮಾಂಡಾ ನೂನೆಸ್ ವಿಷಯದಲ್ಲಿ. ಎರಡು ತೂಕಗಳ ಬೆಲ್ಟ್ ಹೊತ್ತಿದ್ದ, 2014ರಿಂದ ಸೋಲು ಕಾಣದ ನೂನೆಸ್‌ರನ್ನು 2021ರ ಡಿಸೆಂಬರ್ 11ರಂದು ಜೂಲಿಯಾನಾ ಪೆನಾ ಕತ್ತು ಬಿಗಿಯುವ ಪಟ್ಟಿನಲ್ಲಿ ಮಣಿಸಿದರು. 2022ರ ಜುಲೈ 30ರ ಮರುಪಂದ್ಯಕ್ಕೂ ಪೆನಾ ಅಂಡರ್‌ಡಾಗ್. ನೂನೆಸ್ ನಿಲುವನ್ನೇ ಎಡಗೈಯವರಂತೆ ಬದಲಿಸಿಕೊಂಡು ಬಂದರು. ಮುನ್ನುಗ್ಗಿ ಬರುತ್ತಿದ್ದ ಪೆನಾ ಎರಡನೆಯ ಸುತ್ತೊಂದರಲ್ಲೇ ಮೂರು ಸಲ ಉರುಳಿದರು. ಒಬ್ಬ ತೀರ್ಪುಗಾರರ ಲೆಕ್ಕದಲ್ಲಿ ನೂನೆಸ್ ಗೆಲುವು 50-43.

ಇನ್ನು ಲಿಯಾನ್ ಎಡ್ವರ್ಡ್ಸ್. ಬರ್ಮಿಂಗ್‌ಹ್ಯಾಮ್‌ನ ಈ ಹೋರಾಟಗಾರ 2015ರಲ್ಲಿ ಕಮಾರು ಉಸ್ಮಾನ್‌ಗೆ ಸೋತಿದ್ದರು. 2022ರ ಆಗಸ್ಟ್ 20ರಂದು ಸಾಲ್ಟ್ ಲೇಕ್ ಸಿಟಿಯಲ್ಲಿ ಎರಡನೆಯ ಕಾಳಗ, ಆಗಲೂ ಅಂಡರ್‌ಡಾಗ್. ಕೊನೆಯ ಸುತ್ತಿನಲ್ಲಿ ಒಂದು ನಿಮಿಷವೂ ಉಳಿದಿರಲಿಲ್ಲ, ಅಂಕದಲ್ಲಿ ಉಸ್ಮಾನ್ ಬಹಳ ಮುಂದಿದ್ದರು. ಎಡ್ವರ್ಡ್ಸ್ ಎಡಗೈ ಚಾಚಿ ಹುಸಿ ತೋರಿಸಿದರು. ಉಸ್ಮಾನ್ ತಲೆ ಪಕ್ಕಕ್ಕೆ ಸರಿದ ಕಡೆಯಿಂದಲೇ ಎಡಗಾಲು ಮೇಲೆ ಬಂತು. ಒಂದೇ ಒದೆತದ ಗೆಲುವು ಮರುಕಳಿಸದೆಂದು ಎಣಿಸಿದ ಬುಕ್ಕಿಗಳು 2023ರ ಮಾರ್ಚ್ 18ರ ಲಂಡನ್ ಕಾಳಗದಲ್ಲೂ ಉಸ್ಮಾನ್‌ರನ್ನೇ ಫೇವರಿಟ್ ಮಾಡಿದರು. ಒದೆತ ಮರುಕಳಿಸಲಿಲ್ಲ, ನಿಜ. ಎಡ್ವರ್ಡ್ಸ್ ಬೇರೆಯೇ ದಾರಿ ಹಿಡಿದಿದ್ದರು: ಉಸ್ಮಾನ್‌ರ ಕುಸ್ತಿಗೆ ಸಿಕ್ಕದೆ ಕಾಲಿಗೆ, ಹೊಟ್ಟೆಗೆ ಒದೆಯುತ್ತ, ಬೇಲಿ ಹಿಡಿದದ್ದಕ್ಕೆ ಒಂದು ಅಂಕ ಕಳೆದುಕೊಂಡರೂ, ಬಹುಮತದ ತೀರ್ಪಿನಲ್ಲಿ ಗೆದ್ದರು. ಗೆಲುವಿನ ಬಗೆ ನೋಡಿ ಮರುಪಂದ್ಯವನ್ನು ಅಳೆಯಬಹುದೆಂಬ ಲೆಕ್ಕವೂ ಅಲ್ಲಿ ಕೈಕೊಟ್ಟಿತು.

ಎಡ್ವರ್ಡ್ಸ್ ಬೆಲ್ಟ್ ಕಳೆದುಕೊಂಡದ್ದು 2024ರ ಜುಲೈ 27ರಂದು, ಮ್ಯಾಂಚೆಸ್ಟರ್‌ನಲ್ಲಿ, ಬೆಲಾಲ್ ಮುಹಮ್ಮದ್‌ಗೆ. ಅದೂ ಮರುಪಂದ್ಯವೇ. 2021ರ ಮಾರ್ಚ್‌ನಲ್ಲಿ ಇವರಿಬ್ಬರ ಮೊದಲ ಕಾಳಗ ಕಣ್ಣಿಗೆ ಬೆರಳು ತಾಗಿ ಎರಡನೆಯ ಸುತ್ತಿನಲ್ಲಿ ಫಲಿತಾಂಶವಿಲ್ಲದೆ ನಿಂತಿತ್ತು. ಮ್ಯಾಂಚೆಸ್ಟರ್‌ನಲ್ಲಿ ಫೇವರಿಟ್ ಎಡ್ವರ್ಡ್ಸ್, ಅಂಡರ್‌ಡಾಗ್ ಮುಹಮ್ಮದ್. ಮೂವರು ತೀರ್ಪುಗಾರರೂ ಮುಹಮ್ಮದ್ ಪರ ಬರೆದರು.